ಪಾದರಸನ ಒಂದನೇ ಸಿಲಿಂಡರ್

ನನ್ನ ಷಡ್ಡಕ ಕೂತಿದ್ದನ್ನು ನೋಡಿದವರು ಕಡಿಮೆ. ಅವನ ಮದುವೆಯ ಫೋಟೋದಲ್ಲಿ ಎಲ್ಲರ ಮುಖವೂ ಸ್ಪಷ್ಟವಾಗಿದೆ, ಮದುಮಗನದ್ದು ಮಾತ್ರ ಮಸುಕು. ಫೋಟೋ ತೆಗೆದವನನ್ನು ನಮ್ಮ ಅತ್ತೆ ಬಾಯಿಗೆ ಬಂದಂತೆ ಬೈದರು. ಪಾಪ, ಅವನದೇನು ತಪ್ಪು? ಅಲ್ಲಾಡಿದ್ದು ಅಳಿಯ.

ನಾನು ಕಾರಿನ ಸೀಟು ಹೊಲಿಯುವವನು. ಮಾಡುವ ಕೆಲಸವೂ ಕೂತು, ಕೆಲಸ ಮಾಡುವುದೂ ಕೂರುವವರಿಗಾಗಿ. ಹಾಗಾಗಿ ನಿಂತಲ್ಲಿ ನಿಲ್ಲದ, ಕೂತಲ್ಲಿ ಕೂರದ ಜನರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಅಂಥವನೇ ನನ್ನ ಹೆಂಡತಿಯ ತಂಗಿಗೆ ಗಂಡನಾಗಿ ಬರಬೇಕೆ! ಅವನು ಮೊದಲು ಕೆಲಸ ಕಲಿತ ಗ್ಯಾರೇಜಿನವರು ಅವನಿಗೆ ಪಾದರಸ ಎಂದು ಹೆಸರಿಟ್ಟರು. ಆ ಹೆಸರು ಮಾತ್ರ ಅವನನ್ನು ಬಿಟ್ಟು ಹೋಗಲಿಲ್ಲ. ಉಳಿದದ್ದನ್ನೆಲ್ಲ ಅವನೇ ಬಿಟ್ಟು ಬಂದ.

ಬಿಡುವುದೆಂದರೆ ಅದಕ್ಕೊಂದು ಕ್ರಮವಿತ್ತು. ಜಗಳವಾಡಿ ಬಿಟ್ಟವನಲ್ಲ, ಸಂಬಳ ಸಾಲದೆಂದೂ ಬಿಟ್ಟವನಲ್ಲ. ಕೆಲಸದಲ್ಲಿ ಚುರುಕು, ಎಂಜಿನ್ನಿನ ಮೇಲೆ ಬಗ್ಗಿದನೆಂದರೆ ಊಟದ ನೆನಪಿಲ್ಲ. ಆದರೆ ಎಲ್ಲಾ ಗ್ಯಾರೇಜಿಗೂ ಒಂದಲ್ಲ ಒಂದು ದಿನ ಒಂದು ಗಾಡಿ ಬರುತ್ತದೆ, ಏನು ಮಾಡಿದರೂ ತನ್ನ ಕಾಯಿಲೆ ಏನೆಂದು ಹೇಳದ ಗಾಡಿ. ಬೇರೆ ಮೆಕ್ಯಾನಿಕ್‌ಗಳು ತಲೆ ಕೆರೆದುಕೊಳ್ಳುತ್ತಾರೆ, ಚಹಾ ಕುಡಿಯುತ್ತಾರೆ, ಮಾರನೆಯ ದಿನ ನೋಡುತ್ತಾರೆ. ಇವನಿಗೆ ಅದು ಅವಮಾನ. ಮೊದಲು ಹಲ್ಲಿನ ಸಂದಿಯಲ್ಲಿ ಸಿಳ್ಳೆ ಶುರುವಾಗುತ್ತದೆ. ಆಮೇಲೆ ಎರಡೂ ಮೊಣಕಾಲು ಕುಣಿಯುತ್ತವೆ. ಕೊನೆಗೆ, "ಈ ಊರಿನ ಗಾಳೀನೇ ಸರಿ ಇಲ್ಲ" ಎಂಬ ಮಾತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಮಾತು ಬಂದ ವಾರದೊಳಗೆ ಅವರ ಮನೆಯ ಸಾಮಾನು ಲಾರಿಯ ಮೇಲಿರುತ್ತಿತ್ತು.

ಲಾರಿಯ ಹಿಂದೆ ನನ್ನ ನಾದಿನಿ, ಅವಳ ಕೈ ಹಿಡಿದು ಮಗಳು. ನಾದಿನಿ ಕನ್ನಡಕದ ಅಂಗಡಿಗಳಲ್ಲಿ ಗಾಜು ಅರೆಯುವ ಕೆಲಸ ಮಾಡುತ್ತಾಳೆ. ಗಾಜನ್ನು ಚೌಕಟ್ಟಿಗೆ ಸರಿಯಾಗಿ ಕೂರುವಂತೆ ಕೂದಲೆಳೆಯಷ್ಟೇ ಅರೆಯಬೇಕು. ಹೆಚ್ಚಾದರೆ ಗಾಜೂ ಹೋಯಿತು, ಹೆಸರೂ ಹೋಯಿತು. ಹೊಸ ಊರಿನಲ್ಲಿ ನಂಬಿಕೆ ಗಳಿಸಿ ಒಳ್ಳೆಯ ಕೆಲಸ ಕೈಗೆ ಬರುವಷ್ಟರಲ್ಲಿ ಗಂಡನ ಮೊಣಕಾಲು ಕುಣಿಯಲು ಶುರುವಾಗುತ್ತಿತ್ತು. ಅವಳು ಒಂದು ದಿನವೂ ದೂರಲಿಲ್ಲ. ಅದು ತಾಳ್ಮೆ ಎಂದು ನಾನು ತಿಳಿದಿದ್ದೆ. ನನ್ನ ಹೆಂಡತಿ ಮಾತ್ರ, "ನಮ್ಮ ತಂಗಿ ಸುಮ್ನಿದ್ರೆ ಹೆದರಬೇಕು ರೀ" ಎನ್ನುತ್ತಿದ್ದಳು.

ಅವನನ್ನು ನಮ್ಮ ಶೆಡ್ಡಿಗೆ ಸೇರಿಸಿದ್ದು ನಾನೇ. ಉದ್ದನೆಯ ತಗಡಿನ ಶೆಡ್ಡು. ಒಂದು ಮೂಲೆಯಲ್ಲಿ ನನ್ನ ಹೊಲಿಗೆ ಯಂತ್ರ, ಉಳಿದದ್ದೆಲ್ಲ ಯಜಮಾನರ ಗ್ಯಾರೇಜು. ಯಜಮಾನರಿಗೆ ಒಂದೇ ನಿಯಮ: "ಕೆಟ್ಟಿದ್ದನ್ನ ಮಾತ್ರ ಬದಲಾಯಿಸು. ಚೆನ್ನಾಗಿರೋದಕ್ಕೆ ಕೈ ಹಚ್ಚಬೇಡ." ಅಂದಾಜಿನ ಮೇಲೆ ಬಿಡಿಭಾಗ ಬದಲಾಯಿಸುವವನನ್ನು ಅವರು ಕಳ್ಳನೆಂದೇ ಕರೆಯುತ್ತಿದ್ದರು. ಪಾದರಸ ಇಲ್ಲಿ ಒಂದು ವರ್ಷ ದಾಟಿಸಿದ. ಅವನ ಮಟ್ಟಿಗೆ ಅದೊಂದು ದಾಖಲೆ. ಮಗಳು ಅದೇ ಶಾಲೆಯಲ್ಲಿ ಎರಡನೇ ಬೇಸಿಗೆ ಕಂಡಳು. ನಾದಿನಿಗೆ ಅಂಗಡಿಯಲ್ಲಿ ಕಿಟಕಿಯ ಪಕ್ಕದ ಬೆಂಚು ಸಿಕ್ಕಿತು, ಅಲ್ಲಿ ಬೆಳಕು ಚೆನ್ನಾಗಿರುತ್ತದೆ. ನಾನೂ ಮೈಮರೆತೆ.

ಆಗ ಬಂತು ದಾದಿಯ ಕಾರು.

ಈ ದಾದಿ ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುವವಳು. ದಿನವಿಡೀ ಕಾರಿನಲ್ಲೇ ಓಡಾಟ. ಕಾರು ನಮ್ಮ ಶೆಡ್ಡಿಗೆ ಅಪರೂಪಕ್ಕೆ ಬರುವ ಕಂಪನಿಯದು. ಅದು ಒಳಗೆ ಬಂದಾಗಲೇ ಚಳಿಜ್ವರ ಬಂದವರಂತೆ ನಡುಗುತ್ತಿತ್ತು. ಹೊಗೆ ಕೊಳವೆಯಿಂದ ಲಯ ತಪ್ಪಿದ ಸದ್ದು: ಬುಸ್ಸ್, ಬುಸ್ಸ್, ಬುಸ್ಸ್, ಆಮೇಲೆ ಒಂದು ಗುಳಕ್. ಮೀಟರಿನ ಪಕ್ಕದಲ್ಲಿ ಹಳದಿ ದೀಪ ಕಣ್ಣು ಮಿಟುಕಿಸುತ್ತಿತ್ತು.

"ಸಿಗ್ನಲ್ಲಲ್ಲೇ ನಿಂತೋಯ್ತು. ಹಿಂದಿನವರೆಲ್ಲ ಹಾರ್ನ್ ಹೊಡೆದು ನನ್ನ ಕಿವಿ ಕಿತ್ತರು" ಎಂದಳು ದಾದಿ.

"ಮಿಸ್ಸಿಂಗು. ಒಂದು ಸಿಲಿಂಡರ್ ಉರೀತಾ ಇಲ್ಲ. ಸಂಜೆಗೆ ಬನ್ನಿ" ಎಂದ ಪಾದರಸ.

ಇದನ್ನು ನನ್ನಂಥ ದಡ್ಡನಿಗೂ ತಿಳಿಯುವ ಹಾಗೆ ಹೇಳುತ್ತೇನೆ. ಆ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರು, ವಠಾರದ ನಾಲ್ಕು ಮನೆಗಳ ಹಾಗೆ ಸಾಲಾಗಿ. ಒಂದೊಂದು ಮನೆಗೂ ಪೆಟ್ರೋಲು ಚಿಮುಕಿಸಲು ಒಂದು ಇಂಜೆಕ್ಟರು, ಕಿಡಿ ಹೊತ್ತಿಸಲು ಒಂದು ಪ್ಲಗ್ಗು, ಪ್ಲಗ್ಗಿಗೆ ಕರೆಂಟು ಕೊಡಲು ಒಂದು ಕಾಯಿಲು. ಯಾವುದಾದರೂ ಮನೆಯಲ್ಲಿ ಒಲೆ ಹೊತ್ತದಿದ್ದರೆ ಉಳಿದ ಮೂರು ಮನೆಯವರು ಕಾರನ್ನು ಹೊತ್ತು ಏದುಸಿರು ಬಿಡಬೇಕು. ಯಾವ ಮನೆ ಎಂದು ಕೇಳಲು ಒಂದು ಸ್ಕ್ಯಾನರ್ ಇದೆ. ಸ್ಕ್ಯಾನರ್ ಹೇಳಿತು: ಒಂದನೇ ಸಿಲಿಂಡರ್.

ಪಾದರಸ ಒಂದನೆಯದರ ಪ್ಲಗ್ಗು ಬಿಚ್ಚಿ ನೋಡಿದ. ಚೆನ್ನಾಗಿಯೇ ಇತ್ತು. ಆದರೂ ಯಜಮಾನರ ಅಪ್ಪಣೆ ಪಡೆದು ಹೊಸದು ಹಾಕಿದ. ಸ್ಕ್ಯಾನರಿನಿಂದ ಹಳದಿ ದೀಪ ಆರಿಸಿ ಕಾರು ಚಾಲೂ ಮಾಡಿದ. ಸ್ವಲ್ಪ ಹೊತ್ತಿಗೆ ಮತ್ತೆ ಗುಳಕ್, ಮತ್ತೆ ಹಳದಿ ದೀಪ, ಮತ್ತೆ ಒಂದನೇ ಸಿಲಿಂಡರ್. ಒಂದನೆಯದರ ಕಾಯಿಲನ್ನು ಎರಡನೆಯದಕ್ಕೆ, ಎರಡನೆಯದನ್ನು ಒಂದನೆಯದಕ್ಕೆ ಅದಲು ಬದಲು ಮಾಡಿದ. ಕಾಯಿಲು ಕೆಟ್ಟಿದ್ದರೆ ಕಾಯಿಲೆಯೂ ಅದರ ಜೊತೆ ಪಕ್ಕದ ಮನೆಗೆ ಹೋಗಬೇಕು. ಹೋಗಲಿಲ್ಲ. ಇಂಜೆಕ್ಟರನ್ನೂ ಹಾಗೆಯೇ ಬದಲಾಯಿಸಿದ. ಸ್ಕ್ಯಾನರ್ ಹಟಮಾರಿ ಸಾಕ್ಷಿಯ ಹಾಗೆ ಅದೇ ಮಾತು ಹೇಳಿತು. ಗೇಜು ಕಚ್ಚಿಸಿ ಒಳಗಿನ ಒತ್ತಡ ನೋಡಿದ, ಬೆಳೆದ ಹುಡುಗನ ಎದೆಯ ಹಾಗೆ ಗಟ್ಟಿಯಾಗಿತ್ತು. ಗಾಳಿ ಸೋರುತ್ತದೆಯೇ ಎಂದು ಕೊಳವೆಗಳಿಗೆಲ್ಲ ಕಿವಿ ಕೊಟ್ಟ. ಎಲ್ಲಿಯೂ ಏನೂ ಇಲ್ಲ. ಒಂದನೇ ಸಿಲಿಂಡರಿಗೆ ಯಾವ ರೋಗವೂ ಇಲ್ಲ, ಆದರೂ ಅದೇ ಸಾಯುತ್ತಿದೆ.

ದಾದಿ ಸಂಜೆಗೆ ಬಂದಳು, ಮಾರನೆಯ ದಿನ ಬಂದಳು, ಅದರ ಮಾರನೆಯ ದಿನವೂ ಬಂದಳು. ಬಾಡಿಗೆ ಗಾಡಿಯಲ್ಲಿ ಓಡಾಡಿ ಅವಳ ಅರ್ಧ ರೋಗಿಗಳಿಗೆ ಹೊತ್ತು ಮೀರುತ್ತಿತ್ತು.

"ನನ್ನ ರೋಗಿಗಳಾದ್ರೂ ಎಲ್ಲಿ ನೋವು ಅಂತ ಹೇಳ್ತಾರಪ್ಪ" ಎಂದಳು.

"ನಿಮ್ಮ ಕಾರೂ ಹೇಳ್ತಿದೆ. ಹೇಳಿದ ಕಡೆ ನೋವೇ ಇಲ್ಲ" ಎಂದ ಇವನು, ಹಲ್ಲು ಕಚ್ಚಿ.

ಆ ಹಲ್ಲಿನ ಸಂದಿಯಿಂದ ಸಿಳ್ಳೆ ಬಂದಾಗ ನನ್ನ ಸೂಜಿ ಬೆರಳಿಗೆ ಚುಚ್ಚಿತು. ಆ ಸಿಳ್ಳೆ ನನಗೆ ಚೆನ್ನಾಗಿ ಗೊತ್ತು. ಅವನು ಬಾಲ ಸುಟ್ಟ ಬೆಕ್ಕಿನ ಹಾಗೆ ಕಾರನ್ನು ಸುತ್ತುತ್ತಿದ್ದ; ಸ್ಪ್ಯಾನರ್ ಎತ್ತಿಕೊಳ್ಳುತ್ತಿದ್ದ, ಇಡುತ್ತಿದ್ದ, ಹೊರಗೆ ರಸ್ತೆಗೆ ಹೋಗಿ ಬರುತ್ತಿದ್ದ. ನನ್ನ ಹತ್ತಿರ ಬಂದು ಹೊಲಿಯುತ್ತಿದ್ದ ಸೀಟಿನ ಮೇಲೆ ಕೈಯಾಡಿಸಿದ. ಗ್ರೀಸಿನ ಬೆರಳು, ಕೆನೆ ಬಣ್ಣದ ಬಟ್ಟೆ.

"ಏಯ್, ಕೈ ತೆಗಿ! ಇದನ್ನ ನಿಮ್ಮಪ್ಪ ತೊಳೀತಾನಾ?"

ಅವನಿಗೆ ಕೇಳಿಸಲೇ ಇಲ್ಲ. "ಅಣ್ಣ, ಆ ಕಾರಿನ ಕಂಪ್ಯೂಟರೇ ಹೋಗಿದೆ ಅನ್ಸುತ್ತೆ. ಅದನ್ನ ಇಲ್ಲಿ ಯಾರೂ ನೋಡಕ್ಕಾಗಲ್ಲ" ಎಂದ. ಆಮೇಲೆ ಬೇರೆಲ್ಲೋ ನೋಡುತ್ತಾ, "ಆಚೆ ಊರಲ್ಲಿ ಒಂದು ದೊಡ್ಡ ಗ್ಯಾರೇಜಿದೆ. ಮಾತಾಡಿದೀನಿ. ಸೋಮವಾರದಿಂದ ಬಾ ಅಂದವ್ರೆ. ಈ ಊರಿನ ಗಾಳೀನೇ..." ಎಂದ.

"ಗಾಳಿ ಸುದ್ದಿ ಎತ್ತಿದ್ರೆ ಕತ್ತರಿ ತಗೊಂಡು ಬರ್ತೀನಿ ನೋಡು" ಎಂದೆ. ನನಗೆ ಕೈಕಾಲು ಉರಿಯಿತು. ಯಜಮಾನರ ಮುಂದೆ ತಲೆ ಬಗ್ಗಿಸಬೇಕಾದವನು ನಾನು ತಾನೆ? ಆದರೆ ನಿಜ ಹೇಳಬೇಕೆಂದರೆ ನನ್ನ ಸಿಟ್ಟು ಅದಕ್ಕಲ್ಲ. ಆ ಕಿಟಕಿಯ ಪಕ್ಕದ ಬೆಂಚು ಕಣ್ಣ ಮುಂದೆ ಬಂತು. "ಮನೇಲಿ ಹೇಳಿದ್ಯಾ?"

"ಇವತ್ತು ಹೇಳ್ತೀನಿ."

ಅವನು ಹೇಳುವವರೆಗೆ ನಾನು ಕಾಯಲಿಲ್ಲ. ಊಟಕ್ಕೆ ಮನೆಗೆ ಹೋದಾಗ ಹೆಂಡತಿಗೆ ಹೇಳಿದೆ. ಹೆಂಡತಿಗೆ ಹೇಳುವುದೂ ತಂಗಿಗೆ ಹೇಳುವುದೂ ಬೇರೆಯಲ್ಲ, ಅದು ನನಗೆ ಗೊತ್ತಿದ್ದೇ ಹೇಳಿದ್ದು.

ಮಧ್ಯಾಹ್ನ ನಾದಿನಿ ಶೆಡ್ಡಿಗೆ ಬಂದಳು. ಅವಳು ಗಂಡನ ಕೆಲಸದ ಜಾಗಕ್ಕೆ ಬಂದದ್ದನ್ನು ನಾನು ಮೊದಲ ಸಲ ನೋಡಿದೆ. ಕಣ್ಣಿನ ಮೇಲೆ ಗಾಜಿನ ಪುಡಿ ತಡೆಯುವ ಕನ್ನಡಕ ಹಾಗೆಯೇ ಇತ್ತು, ಹಣೆಗೆ ಏರಿಸಿಕೊಳ್ಳುವುದನ್ನೂ ಮರೆತು ಬಂದಿದ್ದಳು. ದಾದಿಯ ಕಾರು ನಡುಗುತ್ತಾ ನಿಂತಿತ್ತು. ಅವನು ಅದರ ಎಂಜಿನ್ನಿನ ಮೇಲೆ ಬಗ್ಗಿದ್ದ.

"ಸೋಮವಾರ ಹೋಗ್ತೀರಂತೆ" ಎಂದಳು.

ಅವನು ತಲೆ ಎತ್ತಿ ಮೊದಲು ನನ್ನನ್ನು ನೋಡಿದ. ನಾನು ದಾರ ಪೋಣಿಸುವುದರಲ್ಲಿ ಮಗ್ನನಾದೆ.

"ಮನೇಲಿ ಮಾತಾಡೋಣ" ಎಂದ.

"ಮನೇಲಿ ಮಾತಾಡಿದ್ರೆ ನೀವು ಓಡಾಡ್ತೀರಿ, ನಾನು ಸಾಮಾನು ಕಟ್ಟೋಕೆ ಶುರು ಮಾಡ್ತೀನಿ. ಅದಕ್ಕೇ ಇಲ್ಲಿಗೆ ಬಂದೆ." ಅವಳ ದನಿ ಏರಲಿಲ್ಲ. ಅದಕ್ಕೇ ನನಗೆ ಭಯವಾಯಿತು. "ನೀವು ಹೋಗೋದಾದ್ರೆ ಹೋಗಿ. ಬೇಡ ಅನ್ನಲ್ಲ. ನಾನೂ ಮಗಳೂ ಬರಲ್ಲ. ನಾವು ಇಲ್ಲೇ ಇರ್ತೀವಿ."

"ಅಂದ್ರೆ?"

"ಅಂದ್ರೆ ಅದೇ. ಇನ್ನೇನೂ ಇಲ್ಲ."

ಬಂದ ದಾರಿಯಲ್ಲೇ ಹೋದಳು. ಪಾದರಸ ಸ್ವಲ್ಪ ಹೊತ್ತು ನಿಂತ. ನಿಜವಾಗಿಯೂ ನಿಂತ. ಆಮೇಲೆ ಕೈಯಲ್ಲಿದ್ದ ಸ್ಪ್ಯಾನರನ್ನು ಗೋಡೆಗೆ ಎಸೆದ. ಕೈಲಾಗದವನು ಮೈ ಪರಚಿಕೊಂಡ ಅನ್ನುತ್ತಾರಲ್ಲ, ಇವನು ಕಾರನ್ನು ಪರಚಲು ಹೋದ.

"ಈ ದರಿದ್ರದ್ದು! ಇದರಿಂದ್ಲೇ ಎಲ್ಲಾ! ಒಂದೂ ಬಿಡಲ್ಲ, ಎಲ್ಲಾ ಕಿತ್ತು ಬಿಸಾಕ್ತೀನಿ" ಎಂದು ಕೂಗಿ, ಓಡುತ್ತಿದ್ದ ಎಂಜಿನ್ನಿಗೇ ಕೈ ಹಾಕಿ ಒಂದನೇ ಕಾಯಿಲಿನ ವೈರಿನ ಮೂತಿಯನ್ನು ಕಿತ್ತ.

ಕಾರು ಕುಸಿಯಿತು. ಮೊದಲು ನಡುಗುತ್ತಿದ್ದುದು ಈಗ ಒದ್ದಾಡಿತು, ಇನ್ನೇನು ನಿಲ್ಲಬೇಕು ಅನ್ನುವ ಹಾಗೆ.

ಪಾದರಸ ಬೈಗುಳದ ಮಧ್ಯದಲ್ಲೇ ಬಾಯಿ ತೆರೆದು ನಿಂತ. ಕಿತ್ತದ್ದನ್ನು ಮತ್ತೆ ಸಿಕ್ಕಿಸಿದ. ಎಂಜಿನ್ನು ಮೊದಲಿನಷ್ಟೇ ನಡುಗಿತು. ಮತ್ತೆ ಕಿತ್ತ, ಮತ್ತೆ ಒದ್ದಾಟ.

"ಅಣ್ಣ" ಎಂದ ಮೆಲ್ಲಗೆ. "ಸತ್ತಿರೋದನ್ನ ಕಿತ್ರೆ ಇದಕ್ಕೆ ಗೊತ್ತೇ ಆಗ್ಬಾರ್ದು. ಇದು ಅಳ್ತಿದೆ. ಅಂದ್ರೆ ಒಂದನೇದು ಬದುಕಿದೆ!"

ಅದನ್ನು ಸಿಕ್ಕಿಸಿ ಎರಡನೆಯದನ್ನು ಕಿತ್ತ. ಒದ್ದಾಟ. ಮೂರನೆಯದು. ಒದ್ದಾಟ. ನಾಲ್ಕನೆಯದನ್ನು ಕಿತ್ತ. ಏನೂ ಆಗಲಿಲ್ಲ. ಎಂಜಿನ್ನು ಅದೇ ರಾಗದಲ್ಲಿ ಬುಸ್ಸ್ ಬುಸ್ಸ್ ಅನ್ನುತ್ತಲೇ ಇತ್ತು, ಆ ಮನೆಯಲ್ಲಿ ಯಾರೂ ವಾಸವಿಲ್ಲವೆಂಬಂತೆ.

ಅವನು ಎಂಜಿನ್ನಿನ ಆ ಕಡೆಗೆ ಹೋದ, ಈ ಕಡೆಗೆ ಬಂದ, ಬೆರಳು ಮಡಚಿ ಎಣಿಸಿದ. ಆಮೇಲೆ ಹಣೆ ಹಣೆ ಚಚ್ಚಿಕೊಂಡ. ಯಜಮಾನರು ಒಳಗಿಂದ ಓಡಿ ಬಂದರು, ಅವನಿಗೆ ತಲೆ ಕೆಟ್ಟಿತೆಂದು.

ವಿಷಯ ಇಷ್ಟೇ. ನಮ್ಮ ಶೆಡ್ಡಿನಲ್ಲಿ ಎಲ್ಲರೂ ಸಿಲಿಂಡರುಗಳನ್ನು ಬೆಲ್ಟ್ ತಿರುಗುವ ಕಡೆಯಿಂದ ಎಣಿಸುತ್ತಾರೆ. ಅವನು ಪಳಗಿದ ಗ್ಯಾರೇಜುಗಳಲ್ಲೂ ಹಾಗೆಯೇ, ಬೆಲ್ಟಿನ ಪಕ್ಕದ್ದೇ ಒಂದನೇ ಮನೆ. ಈ ಕಂಪನಿಯವರು ಮಾತ್ರ ಗೇರ್ ಪೆಟ್ಟಿಗೆಯ ಕಡೆಯಿಂದ ಎಣಿಸುತ್ತಾರೆ. ನಮ್ಮ ಒಂದು ಅವರ ನಾಲ್ಕು. ಸ್ಕ್ಯಾನರ್ ಮೊದಲಿನಿಂದಲೂ ನಿಜವನ್ನೇ ಹೇಳುತ್ತಿತ್ತು. ಇವನು ವಠಾರದ ಇನ್ನೊಂದು ತುದಿಯ ಮನೆಯ ಬಾಗಿಲು ಬಡಿಯುತ್ತಿದ್ದ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದೆಯಲ್ಲೋ" ಎಂದರು ಯಜಮಾನರು. ಚೆನ್ನಾಗಿದ್ದ ಪ್ಲಗ್ಗನ್ನು ಬದಲಾಯಿಸಿದ್ದು ಅವರಿಗೆ ಈಗ ನೆನಪಾಗಿರಬೇಕು, ಮುಖ ಗಂಟಿಕ್ಕಿತು. "ನಿನಗೆ ಇದು ಗೊತ್ತಿರಲಿಲ್ವಾ? ಆ ಕಂಪನಿ ಗಾಡಿಗಳದ್ದೇ ಗ್ಯಾರೇಜಲ್ಲಿ ಕೆಲಸ ಮಾಡಿದೀನಿ ಅಂದಿದ್ದೆ."

"ಮಾಡಿದ್ದೆ" ಎಂದ ಪಾದರಸ. "ಒಂದು ವಾರ."

ನನಗೆ ನಗು ತಡೆಯಲಾಗಲಿಲ್ಲ. ಯಜಮಾನರೂ ನಕ್ಕರು. ಅವನು ನಗಲಿಲ್ಲ. ಆ ಇನ್ನೊಂದು ತುದಿಯ ಪ್ಲಗ್ಗನ್ನು ಬಿಚ್ಚಿ ಬೆಳಕಿಗೆ ಹಿಡಿದ. ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲಿನಲ್ಲಿ ಎಳೆದಂಥ ಒಂದು ಕಪ್ಪು ಗೆರೆ. ಕೂದಲೆಳೆಯ ಬಿರುಕು, ಕಿಡಿ ಒಳಗೆ ಹಾರುವ ಬದಲು ಅಲ್ಲಿಂದಲೇ ಕದ್ದು ಹೊರಗೆ ಹೋಗುತ್ತಿತ್ತು. ಹೊಸ ಪ್ಲಗ್ಗು ಹಾಕಿದ. ದೀಪ ಆರಿಸಿ ಚಾಲೂ ಮಾಡಿದ. ಎಂಜಿನ್ನು ಒಂದೇ ದನಿಯಲ್ಲಿ ಗುಂಯ್‌ಗುಟ್ಟಿತು. ದೂರದ ದಿಣ್ಣೆ ಹತ್ತಿಸಿ ಇಳಿಸಿ ಬಂದ, ದೀಪ ಬರಲಿಲ್ಲ. ದಾದಿ ಬಂದು ಕೂತು ಕೀಲಿ ತಿರುಗಿಸಿದವಳು, "ಚಾಲೂ ಆಗಿದ್ಯಾ?" ಎಂದು ಕೇಳಿದಳು, ಅಷ್ಟು ಮೆತ್ತಗೆ ಓಡುತ್ತಿತ್ತು. ಅವಳು ರೋಗಿಗಳ ಮನೆಗೆ ಹೊರಟಳು.

ಸಂಜೆ ಅವನು ನನ್ನನ್ನು ಬಿಡಲಿಲ್ಲ. "ಬನ್ನಿ ಷಡ್ಡಕರೇ, ನೀವೂ ಬನ್ನಿ" ಎಂದು ಎಳೆದುಕೊಂಡೇ ಹೋದ. ಒಬ್ಬನೇ ಮನೆಯೊಳಗೆ ಹೋಗಲು ಧೈರ್ಯವಿರಲಿಲ್ಲ, ಅಷ್ಟೇ. ದಾರಿಯುದ್ದಕ್ಕೂ ಮಾತು, ಮುಂದೆ ಓಡುವುದು, ನನಗಾಗಿ ಹಿಂದೆ ಬರುವುದು. ನನ್ನ ಹೆಂಡತಿ ಅಲ್ಲಿ ಮೊದಲೇ ಇದ್ದಳು. ಅಕ್ಕ ತಂಗಿಯರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು, ಒಬ್ಬರ ಮುಖದಲ್ಲೂ ಬೆಳಕಿಲ್ಲ.

"ಸಿಕ್ತು ಕಣೇ!" ಎಂದು ಹೊಸ್ತಿಲಲ್ಲೇ ಕೂಗಿದ. "ಇನ್ನು ಹೋಗೋ ಮಾತೇ ಇಲ್ಲ. ಕಾರು ಸರಿ ಹೋಯ್ತು."

ನಾದಿನಿ ಕೈ ಒರೆಸಿಕೊಂಡಳು. "ಸರಿ ಹೋಗ್ದೇ ಇದ್ದಿದ್ರೆ?"

ಅವನ ಮೊಣಕಾಲು ಕುಣಿಯತೊಡಗಿದವು.

"ಕಾರು ಸರಿ ಹೋಯ್ತು ಅಂತ ಇರೋರು, ನಾಳೆ ಇನ್ನೊಂದು ಸರಿ ಹೋಗ್ದಿದ್ರೆ ಹೋಗೋರೇ. ಹಾಗೆ ಇರೋದಾದ್ರೆ ಸೋಮವಾರಾನೇ ಹೋಗಿ. ನನಗೆ ದಿನಾ ನಿಮ್ಮ ಮೊಣಕಾಲು ನೋಡ್ಕೊಂಡು ಬದುಕೋಕಾಗಲ್ಲ."

ಇದಕ್ಕೆ ನಾನೇನಾದರೂ ಹೇಳಬೇಕಿತ್ತೇನೋ. ನನ್ನ ಹೆಂಡತಿ ಕಣ್ಣಲ್ಲೇ ಬೇಡವೆಂದಳು. ಆಗ ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಆಚೆ ಊರಿನ ಗ್ಯಾರೇಜಿನವರು. ಅವರ ದನಿ ದೊಡ್ಡದು, ನಮಗೆಲ್ಲ ಕೇಳುತ್ತಿತ್ತು: ಸೋಮವಾರ ಬೆಳಿಗ್ಗೆಯೇ ಬರುತ್ತೀಯ ತಾನೆ?

"ಇಲ್ಲ ಸಾರ್, ಬರಲ್ಲ" ಎಂದ ಪಾದರಸ.

ಯಾಕೆ, ಅಲ್ಲಿ ಕೆಲಸ ಸರಿಹೋಯಿತಾ ಎಂದರು ಅವರು. ಹೌದು ಅನ್ನಬಹುದಿತ್ತು. ಅದು ಸುಳ್ಳೂ ಅಲ್ಲ, ಮಾನವೂ ಉಳಿಯುತ್ತಿತ್ತು. ಅವನು ಕಿಟಕಿಯವರೆಗೆ ಹೋದ, ತಿರುಗಿ ಬಂದ, ನಾದಿನಿಯ ಎದುರಿಗೆ ನಿಂತ.

"ಕೆಲಸದ ಮಾತಲ್ಲ ಸಾರ್. ನನ್ನ ಹೆಂಡ್ತಿ ಬರಲ್ಲ ಅಂದ್ಲು. ಅವಳಿಲ್ದೆ ನನಗೆ ಇರೋಕಾಗಲ್ಲ. ಇಲ್ಲಿ ನಾಳೆ ಎಲ್ಲಾ ಗಾಡೀನೂ ಕೆಟ್ಟು ಕೂತ್ರೂ ನಾನು ಬರಲ್ಲ."

ಆ ಕಡೆಯವರು ಏನೋ ಅಂದು ನಕ್ಕರು. ಹೆಂಡತಿಗೆ ಹೆದರುವವನು ಎಂಬಂಥ ಮಾತು. "ಹೂಂ ಸಾರ್, ಹೆದರ್ತೀನಿ" ಎಂದು ಫೋನು ಇಟ್ಟ. ನನ್ನ ಎದುರಿಗೆ, ನನ್ನ ಹೆಂಡತಿಯ ಎದುರಿಗೆ ಅಂಥ ಮಾತು ಆಡಿದ ಗಂಡಸನ್ನು ನಾನು ಕಂಡಿರಲಿಲ್ಲ. ನನ್ನ ಬಾಯಿಂದಂತೂ ಇಷ್ಟು ವರ್ಷದಲ್ಲಿ ಬಂದಿಲ್ಲ, ಅದನ್ನು ನನ್ನ ಹೆಂಡತಿ ಆ ರಾತ್ರಿಯೇ ಎತ್ತಿ ಆಡಿದಳು. ನಾದಿನಿ ಅವನ ಗ್ರೀಸಿನ ಕೈ ನೋಡಿ ಸೋಪು ತಂದು ಕೊಟ್ಟಳು.

ಒಳಕೋಣೆಯ ಬಾಗಿಲಲ್ಲಿ ಮಗಳು ನಿಂತಿದ್ದಳು. ಯಾವಾಗ ಬಂದಳೋ ನಾವು ನೋಡಿರಲಿಲ್ಲ.

"ಅಪ್ಪ, ಹಾಗಾದ್ರೆ ನಾವು ಹೋಗಲ್ವಾ?"

"ಇಲ್ಲ ಮಗಳೇ."

ಅವಳು ಯೋಚಿಸಿದಳು. "ನಾನು ಇವತ್ತು ಶಾಲೇಲಿ ಎಲ್ಲರಿಗೂ ಹೋಗಿಬರ್ತೀನಿ ಅಂತ ಹೇಳಿಬಿಟ್ಟೆ. ನನ್ನ ಬಣ್ಣದ ಪೆಟ್ಟಿಗೇನೂ ನನ್ನ ಫ್ರೆಂಡ್‌ಗೆ ಕೊಟ್ಟುಬಿಟ್ಟೆ."

"ಯಾರು ಹೇಳಿದ್ರು ನಿಂಗೆ, ಹೋಗ್ತೀವಿ ಅಂತ?"

"ಯಾರೂ ಹೇಳಲಿಲ್ಲ. ನೀನು ನಿನ್ನೆ ನಿಂತ್ಕೊಂಡೇ ಊಟ ಮಾಡಿದ್ಯಲ್ಲ."

ಪಾದರಸನ ಕೈಯಿಂದ ಸೋಪು ಜಾರಿ ಬಿತ್ತು. ಅದನ್ನು ಎತ್ತಿಕೊಳ್ಳಲೂ ಇಲ್ಲ. ಮಗಳ ಮುಂದೆ ಮಂಡಿಯೂರಿದ. ಮುಟ್ಟಬೇಕೆಂದು ಕೈ ಚಾಚಿ, ಗ್ರೀಸು ಕಂಡು ಹಿಂದಕ್ಕೆ ಎಳೆದುಕೊಂಡ.

"ನಾಳೆ ನಾನೂ ನಿನ್ ಜೊತೆ ಶಾಲೆಗೆ ಬರ್ತೀನಿ. ಹೋಗಲ್ಲ ಅಂತ ಎಲ್ಲರಿಗೂ ನಾನೇ ಹೇಳ್ತೀನಿ" ಎಂದ.

"ಎಲ್ಲರಿಗೂ?"

"ಒಬ್ಬೊಬ್ಬರಿಗೂ."

"ಪೆಟ್ಟಿಗೆ ವಾಪಸ್ ಕೇಳಬೇಡ. ಅದು ಚೆನ್ನಾಗಿರಲ್ಲ" ಎಂದಳು ಮಗಳು, ಮತ್ತು ಅಪ್ಪ ಅಳುತ್ತಿರುವುದನ್ನು ಕಂಡು ಅಮ್ಮನನ್ನು ಕರೆದಳು.